ಪಶ್ಚಿಮದ ಹರಿವು

ಏನು ಕೆಲಸ ಮಾಡುತ್ತೀಯಮ್ಮ ಎಂದು ಊರಿನವರು ಕೇಳಿದರೆ ಬೋಡಿಲ್ ಕ್ರಾಗ್‌ಲುಂಡ್ ‘ಸೋರಿಕೆ ಕೇಳೋ ಕೆಲಸ’ ಎನ್ನುತ್ತಿದ್ದಳು. ಕೇಳಿದವರು ನಲ್ಲಿ ರಿಪೇರಿಯವಳೆಂದುಕೊಂಡು ಸುಮ್ಮನಾಗುತ್ತಿದ್ದರು. ಪಕ್ಕದ ಬೀದಿಯ ಮುದುಕನೊಬ್ಬ ಹಾಗೆಯೇ ನಂಬಿ, ನಮ್ಮ ಬಚ್ಚಲ ಕೊಳವೆಯನ್ನೂ ಒಂದಿಷ್ಟು ನೋಡಿಬಿಡು ಎಂದು ಕರೆದಿದ್ದ. ಅವಳು ಹೋಗಿ, ಕೊಳವೆಗೆ ಕಿವಿಯಿಟ್ಟು ಕೇಳಿ, ಕಾಫಿ ಕುಡಿದು ಬಂದಿದ್ದಳು. ಕೊಳವೆ ಸರಿಹೋಯಿತೇ ಎನ್ನುವುದು ಬೇರೆ ಮಾತು.

ಸುಳ್ಳೇನೂ ಹೇಳಿರಲಿಲ್ಲ ಅವಳು. ನೆಲದೊಳಕ್ಕೆ ಚಾಚಿಕೊಂಡ ಕಡಲ ತೋಳಾದ ಫ್ಯೋರ್ಡಿನ ದಡದ ಪ್ರಯೋಗಾಲಯದಲ್ಲಿ, ಎಲ್ಲಕ್ಕಿಂತ ಹಳೆಯ ಶೆಡ್ಡಿನೊಳಗೆ, ಎರಡಾಳೆತ್ತರದ ಉಕ್ಕಿನ ಕೊಳವೆಯೊಂದು ನೆಟ್ಟಗೆ ನಿಂತಿತ್ತು. ಅದಕ್ಕೆ ಎಲ್ಲರೂ ಕಂಬ ಎನ್ನುತ್ತಿದ್ದರು. ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದು, ಚೂರೇ ಚೂರು ಆರ್ಗಾನ್ ಅನಿಲ ಬಿಟ್ಟು, ವಿದ್ಯುತ್ತಿನಿಂದ ಕಾಯಿಸಿದರೆ ಅನಿಲದ ಪರಮಾಣುಗಳು ಒಡೆದು ಪ್ಲಾಸ್ಮಾ ಆಗುತ್ತಿದ್ದವು. ಉಕ್ಕಿನ ಕಂಬದೊಳಗೆ ನೀಲಿ ಬೆಳಕಿನ ಇನ್ನೊಂದು ಕಂಬ ಎದ್ದು ನಿಲ್ಲುತ್ತಿತ್ತು. ಸೂರ್ಯನೂ ನಕ್ಷತ್ರಗಳೂ ಆಗಿರುವುದು ಇದೇ ವಸ್ತುವಿನಿಂದ. ಅದು ಉಕ್ಕಿಗೆ ತಾಗದಂತೆ ಹಿಡಿದಿಡಲು ಸುತ್ತಲೂ ಬಳೆ ತೊಡಿಸಿದಂತೆ ತಾಮ್ರದ ಸುರುಳಿಗಳಿದ್ದವು. ಅವುಗಳ ಕಾಂತಶಕ್ತಿಯ ಕಾಣದ ಗೆರೆಗಳಿಗೆ ಸುತ್ತಿಕೊಂಡು ಕಣಗಳು ಮೇಲೆ ಕೆಳಗೆ ಓಡಾಡಬೇಕು, ಪಕ್ಕಕ್ಕೆ ಜರುಗಕೂಡದು. ಪುಸ್ತಕ ಹೇಳುವುದು ಹಾಗೆ. ಆದರೆ ಪ್ಲಾಸ್ಮಾ ಪುಸ್ತಕ ಓದಿಲ್ಲವಲ್ಲ. ಅದು ಸುಳಿಸುಳಿಯಾಗಿ ಕದಡಿಕೊಂಡು, ಒಂದು ಸುಳಿ ಇನ್ನೊಂದರ ಕೈಗೆ ದಾಟಿಸಿ, ಕಣಗಳನ್ನೂ ಬಿಸಿಯನ್ನೂ ಹೊರಕ್ಕೆ ಸಾಗಿಸಿಬಿಡುತ್ತದೆ. ಸೂರ್ಯನ ಬೆಂಕಿಯನ್ನು ಭೂಮಿಯಲ್ಲಿ ಹೊತ್ತಿಸುತ್ತೇವೆಂದು ಹೊರಟ ದೊಡ್ಡ ದೊಡ್ಡ ಯಂತ್ರಗಳೆಲ್ಲ ಏದುಸಿರು ಬಿಡುವುದು ಈ ಸೋರಿಕೆಯ ಎದುರಿಗೇ. ಆ ಸುಳಿಗಳ ಗುಣ ಏನೆಂದು ತಿಳಿಯಲಿಕ್ಕೆ ಈ ಪುಟ್ಟ ಕಂಬ, ಅದಕ್ಕೆ ಬೋಡಿಲ್.

ಉಳಿದವರು ಪರದೆಯ ಮೇಲಿನ ಗೆರೆ ನೋಡುತ್ತಿದ್ದರು. ಬೋಡಿಲ್ ಕೇಳುತ್ತಿದ್ದಳು. ಕಂಬದ ದಕ್ಷಿಣ ಮಗ್ಗುಲಿನ ಕಿಂಡಿಯಿಂದ ಕೂದಲೆಳೆಯಂಥ ಟಂಗ್‌ಸ್ಟನ್ ತಂತಿಗಳನ್ನು ಬೆಳಕಿನ ಅಂಚಿಗೆ ತೂರಿಸಿ, ಅವು ಕಳಿಸುವ ವಿದ್ಯುತ್ತನ್ನು ಒಂದು ಹಳೆಯ ರೇಡಿಯೋದ ಸ್ಪೀಕರಿಗೆ ಜೋಡಿಸಿದ್ದಳು. ಗಾಜಿನ ಗೋಡೆಯ ಪುಟ್ಟ ಕೋಣೆಯಲ್ಲಿ ಸ್ಪೀಕರಿನ ಮುಂದೆ ಕಣ್ಣು ಮುಚ್ಚಿ ಕುಳಿತರೆ ಕಂಬ ಮಾತಾಡುತ್ತಿತ್ತು: ಬೆಣ್ಣೆಯಲ್ಲಿ ಮೀನು ಹುರಿಯುವಾಗಿನ ಚುರುಚುರು, ಅದರಡಿಯಲ್ಲಿ ಮಂದ್ರದ ಒಂದು ಮೊರೆತ, ನಡುವೆ ಆಗಾಗ ದೊಡ್ಡ ಸುಳಿಯೊಂದು ಕಳಚಿಕೊಂಡು ಹೊರಟಾಗ ಠಪ್ ಎಂಬ ಸದ್ದು. ಒಂದು ಕ್ಷಣ ಕೇಳಿದ್ದು ಇನ್ನೊಂದು ಕ್ಷಣಕ್ಕಿಲ್ಲ. ಎಷ್ಟು ವರ್ಷ ಕೇಳಿದರೂ ಅದು ತನ್ನನ್ನು ಎರಡನೆಯ ಸಲ ಹಾಡಿಕೊಳ್ಳಲೇ ಇಲ್ಲ. ಇಷ್ಟೊಂದು ಗಲಿಬಿಲಿಯನ್ನು ಬೆಂಕಿ ಹೇಗೆ ತನಗೆ ತಾನೇ ಹುಟ್ಟಿಸಿಕೊಳ್ಳುತ್ತದೆ ಎಂದು ಯೋಚಿಸಿದಾಗೆಲ್ಲ ಅವಳ ಮೈ ಜುಮ್ಮೆನ್ನುತ್ತಿತ್ತು.

“ಮೀನು ಬೆಂತಾ, ಬೋಡಿಲ್?” ಎಂದು ಬಾಗಿಲಲ್ಲಿ ತಲೆ ಹಾಕಿ ಕೇಳುತ್ತಿದ್ದವನು ಆಸ್ಗರ್ ಥೋರುಪ್, ಗುಂಪಿನ ಮುಖ್ಯಸ್ಥ. ಲೆಕ್ಕದವನು, ಕಂಬದಲ್ಲಿ ಆಗಬೇಕಾದ್ದನ್ನೆಲ್ಲ ಕಾಗದದ ಮೇಲೆ, ಆಮೇಲೆ ಕಂಪ್ಯೂಟರಿನಲ್ಲಿ ಮಾಡಿ ನೋಡುವವನು. ಸ್ಕ್ರೂ ಡ್ರೈವರ್ ಕೈಗೆ ಕೊಟ್ಟರೆ ಯಾವ ತುದಿ ಹಿಡಿಯಬೇಕೆಂದು ಯೋಚಿಸುವ ಜಾತಿ. ಬಿಡುವಿದ್ದಾಗ ಫ್ಯೋರ್ಡಿನಲ್ಲಿ ಹಾಯಿದೋಣಿ ನಡೆಸುತ್ತಿದ್ದ, ಅದೊಂದರಲ್ಲಿ ಮಾತ್ರ ಕೈ ಪಳಗಿತ್ತು. ಬೋಡಿಲ್ ಯೂಟ್ಲ್ಯಾಂಡ್ ಪರ್ಯಾಯದ್ವೀಪದ ಪಶ್ಚಿಮ ಕರಾವಳಿಯವಳು, ಮರಗಳೆಲ್ಲ ಗಾಳಿಗೆ ಒಂದೇ ಕಡೆ ಬಾಗಿ ಬೆಳೆಯುವ ಊರು. ಪ್ರಯೋಗಾಲಯಕ್ಕೆ ಮೊದಲು ಬಂದದ್ದು ಗಾಳಿಯ ಗುಂಪಿಗೆ. ಗಾಳಿಯಂತ್ರಗಳಿಗಾಗಿ ಎತ್ತರದ ಗೋಪುರ ಹತ್ತಿ ಗಾಳಿಯ ವೇಗ, ದಿಕ್ಕು, ಸುಳಿ ಅಳೆಯುತ್ತಿದ್ದಳು. ಗಾಳಿಯ ಸುಳಿಗೂ ಪ್ಲಾಸ್ಮಾದ ಸುಳಿಗೂ ಲೆಕ್ಕದಲ್ಲಿ ನಂಟಿದೆ ಎಂದು ಆಸ್ಗರನೇ ಅವಳನ್ನು ಈ ಕಡೆ ಎಳೆದುಕೊಂಡು ಬಂದಿದ್ದ. ಎಳೆದ ತಪ್ಪಿಗೆ ಜೀವನಪೂರ್ತಿ ಅವಳ ಬಾಯಿಗೆ ಸಿಕ್ಕಿದ.

ಇನ್ನು ಆ ದಿನದ ಮಾತು. ಆಗ ಅವಳಿನ್ನೂ ನಲವತ್ತು ದಾಟಿರಲಿಲ್ಲ. ಆಸ್ಗರ್ ಯಾವುದೋ ಸಮ್ಮೇಳನಕ್ಕೆ ಇಟಲಿಗೆ ಹೋಗಿದ್ದ. ಸುರುಳಿಗಳ ವಿದ್ಯುತ್ತನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ ಬೋಡಿಲ್ ಕೇಳುತ್ತಿದ್ದಳು. ಏರಿಸಿದಷ್ಟೂ ಸ್ಪೀಕರಿನ ಅಬ್ಬರ ಹೆಚ್ಚಿತು. ಇನ್ನೂ ಏರಿಸಿದಳು. ರೇಡಿಯೋದ ಮರದ ಪೆಟ್ಟಿಗೆಯೇ ನಡುಗತೊಡಗಿತು. ಅಲ್ಲಿಗೆ ನಿಲ್ಲಿಸಬೇಕಿತ್ತು, ಯಾಕೋ ಕೈ ನಿಲ್ಲಲಿಲ್ಲ, ಇನ್ನೊಂದು ಕೂದಲಷ್ಟು ತಿರುಗಿಸಿದಳು. ಕತ್ತರಿಸಿ ತೆಗೆದಂತೆ ಸದ್ದು ನಿಂತಿತು.

ಕಣ್ಣು ಬಿಟ್ಟರೆ ಕಂಬ ಬೆಳಗುತ್ತಲೇ ಇತ್ತು. ಅಷ್ಟೇ ಅಲ್ಲ, ಅಷ್ಟು ಹೊತ್ತು ಮಂಜಿನಂತೆ ಕಲಸಿಕೊಂಡಿದ್ದ ಅದರ ಅಂಚು ಈಗ ಚಾಕುವಿನಿಂದ ಕೊಯ್ದಷ್ಟು ಚೊಕ್ಕವಾಗಿತ್ತು. ಸೋರಿಕೆ ನಿಂತಿತ್ತು. ತಂತಿಗಳಿಗೆ ಜೋಡಿಸಿದ ಮೀಟರಿನ ಸೂಜಿ ನೋಡಿದಳು. ಬೆಳಕಿನ ಅಂಚಿನಲ್ಲಿ ಅದುವರೆಗೆ ಇಲ್ಲದ ಒಂದು ಹರಿವು ಕಂಬವನ್ನು ಸುತ್ತುತ್ತಿತ್ತು, ಬಲವಾಗಿ, ಒಂದೇ ದಿಕ್ಕಿನಲ್ಲಿ. ಇಂಥದ್ದೊಂದು ಇರಬಹುದೆಂದು ಆಸ್ಗರನ ಲೆಕ್ಕ ಹೇಳಿತ್ತು: ನೂಕುನುಗ್ಗಲು ಮಿತಿಮೀರಿದಾಗ ಸುಳಿಗಳೇ ತಮ್ಮ ಬಲವನ್ನೆಲ್ಲ ಒಟ್ಟುಗೂಡಿಸಿ ಒಂದು ಹರಿವನ್ನು ಎಬ್ಬಿಸುತ್ತವೆ, ಆ ಹರಿವು ತಿರುಗಿ ಅದೇ ಸುಳಿಗಳನ್ನು ಹರಿದು ಚಿಂದಿ ಮಾಡುತ್ತದೆ, ಗಲಭೆಯೇ ಗಲಭೆಯನ್ನು ಅಡಗಿಸುತ್ತದೆ. ಕಾಗದದ ಮೇಲೆ ಓದಿದಾಗ ಇದು ಜಾಣತನದ ಮಾತು ಅನ್ನಿಸಿತ್ತು. ಎದುರಿಗೆ ನಿಂತು ನೋಡಿದಾಗ ಅವಳಿಗೆ ಭಯವಾಯಿತು. ಯಾರೂ ಹೇಳಿಕೊಡದೆ, ಯಾರೂ ಗದರಿಸದೆ, ಬೆಂಕಿ ತಾನೇ ಸುಮ್ಮನಾಗಿತ್ತು.

ಅವಳು ಓಡಿಹೋಗಿ ಇಟಲಿಗೆ ಫೋನು ಮಾಡಿದಳು. ಆಸ್ಗರನನ್ನು ಸಭೆಯಿಂದ ಎಬ್ಬಿಸಿ ಕರೆಸಿದಳು.

“ದಕ್ಷಿಣದ ಕಿಂಡಿ ಹತ್ರ ಹರಿವು ಯಾವ ಕಡೇದು?” ಅವನು ಕೇಳಿದ್ದು ಅದೊಂದೇ.

“ಪಶ್ಚಿಮದ್ದು. ಜೋರಾಗಿದೆ.”

“ಹಾಗಾದ್ರೆ ಅದು ಉಲ್ಟಾ, ಬೋಡಿಲ್. ಹಾಗೆ ಬರೋಕೆ ಸಾಧ್ಯಾನೇ ಇಲ್ಲ. ಹೋಗಿ ನಿನ್ನ ತಂತಿ ನೋಡ್ಕೋ.”

ನೋಡಿಕೊಂಡಳು. ಕಿಂಡಿಯ ಕೆಳಗೆ ತಂತಿ ಜೋಡಿಸುವ ಕನೆಕ್ಟರ್ ನಿಜವಾಗಿಯೂ ಸಡಿಲವಾಗಿತ್ತು, ಬೆರಳು ತಾಗಿಸಿದರೆ ಅಲ್ಲಾಡುತ್ತಿತ್ತು. ಅಷ್ಟರಲ್ಲಿ ಕಂಬದ ಇನ್ನೊಂದು ಮಗ್ಗುಲಿನಿಂದ ಎಸ್ಬೆನ್ ಕೂಗಿದ. ಅವನು ಯಂತ್ರ ನೋಡಿಕೊಳ್ಳುವವನು. ಮೇಲಿನ ಸುರುಳಿಯಿಂದ ಹೊಗೆ ಬರುತ್ತಿತ್ತು. ಅವಳು ವಿದ್ಯುತ್ತನ್ನು ಸುರುಳಿ ತಾಳುವುದಕ್ಕಿಂತ ಹೆಚ್ಚು ಏರಿಸಿಬಿಟ್ಟಿದ್ದಳು. ಎಲ್ಲವನ್ನೂ ಆರಿಸಬೇಕಾಯಿತು. ಸುರಕ್ಷತೆಯವರು ಬಂದು, ಇನ್ನು ಮೇಲೆ ಅಷ್ಟು ದೂರ ತಿರುಗದಂತೆ ವಿದ್ಯುತ್ತು ಏರಿಸುವ ಗುಂಡಿಗೆ ಒಂದು ಅಡ್ಡಗೂಟ ಹಾಕಿ ಹೋದರು. ಹರಿವೂ ಸುಳ್ಳು, ಮೌನವೂ ಸುಳ್ಳು, ಅಂಚು ಚೊಕ್ಕ ಕಂಡದ್ದು ಕಣ್ಣಿನ ಭ್ರಮೆ, ಸಡಿಲ ಕನೆಕ್ಟರ್ ಒಂದೇ ನಿಜ ಎಂದಾಯಿತು.

ಅಲ್ಲಿ ಒಂದು ಪದ್ಧತಿಯಿದೆ. ಕೆಲಸದಲ್ಲಿ ಯಾರಾದರೂ ಪೆದ್ದುಪೆದ್ದಾಗಿ ತಪ್ಪು ಮಾಡಿದರೆ ಅವರು ಎಲ್ಲರಿಗೂ ಕೇಕು ತರಬೇಕು. ಅದಕ್ಕೆ ಎಡವಟ್ಟಿನ ಕೇಕು ಎಂದೇ ಹೆಸರು. ತಿಂದು ನಕ್ಕುಬಿಟ್ಟರೆ ಮುಗಿಯಿತು. ಆಮೇಲೆ ಯಾರೂ ಆ ತಪ್ಪನ್ನು ಎತ್ತಿ ಆಡುವಂತಿಲ್ಲ, ಅದಕ್ಕಾಗಿ ಕೊರಗುವಂತೆಯೂ ಇಲ್ಲ. ಒಳ್ಳೆಯ ಪದ್ಧತಿಯೇ. ಆದರೆ ಅದರಲ್ಲಿ ಒಂದು ಮೋಸವಿದೆ, ಅದನ್ನು ಯಾರೂ ಯೋಚಿಸುವುದಿಲ್ಲ: ಕೇಕು ತಿಂದಾದ ಮೇಲೆ, ಅದು ನಿಜಕ್ಕೂ ತಪ್ಪಾಗಿತ್ತೇ ಎಂದು ಮತ್ತೆ ಕೇಳುವುದಕ್ಕೂ ದಾರಿಯಿಲ್ಲ. ಶುಕ್ರವಾರ ಬೋಡಿಲ್ ಸೇಬಿನ ಕೇಕು ಮಾಡಿ ತಂದಳು. ಎಲ್ಲರೂ ತಿಂದರು, ನಕ್ಕರು. ಅವಳೂ ನಕ್ಕಳು.

ವರ್ಷಗಳು ಹೋದವು. ದೊಡ್ಡ ಯಂತ್ರಗಳಲ್ಲಿ ಅಂಥ ಮೌನ ಬರುವುದು ಲೋಕಕ್ಕೆಲ್ಲ ಗೊತ್ತಿತ್ತು, ಅದರ ಮೇಲೆ ಸಾಲುಸಾಲು ಪ್ರಬಂಧಗಳು ಬರುತ್ತಿದ್ದವು. ಅವಳು ಓದುತ್ತಿದ್ದಳು, ಕಂಬದ ಕೆಲಸ ಮಾಡುತ್ತಿದ್ದಳು, ಅಡ್ಡಗೂಟದವರೆಗೆ ಏರಿಸಿ ನಿಲ್ಲಿಸುತ್ತಿದ್ದಳು. ಮದುವೆಯಾದಳು, ಜಗಳವಿಲ್ಲದೆ ಬಿಟ್ಟಳು. ಚಳಿಗಾಲದಲ್ಲೂ ಬೆಳಗ್ಗೆ ಫ್ಯೋರ್ಡಿನಲ್ಲಿ ಮುಳುಗಿ ಎದ್ದು ಕೆಂಪಗಾಗಿ ಸೈಕಲ್ ತುಳಿದು ಬರುತ್ತಿದ್ದಳು. ಮಂಗಳವಾರ ಸಂಜೆ ಊರಿನ ಹಾಡುಗಾರರ ಗುಂಪಿನಲ್ಲಿ ಹಾಡುತ್ತಿದ್ದಳು. ಒಂದೇ ಒಂದು ಬದಲಾವಣೆ ಆಗಿತ್ತು, ಅದು ಯಾರಿಗೂ ಕಾಣುವಂಥದ್ದಲ್ಲ. ಸ್ಪೀಕರಿನಲ್ಲಿ ಹೊಸತೇನಾದರೂ ಕೇಳಿಸಿದರೆ ಅವಳು ಮೊದಲು ಎದ್ದುಹೋಗಿ ಕನೆಕ್ಟರನ್ನು ಅಲ್ಲಾಡಿಸಿ ನೋಡುತ್ತಿದ್ದಳು. ತನ್ನ ಕಿವಿಯ ಮೇಲಿದ್ದ ನಂಬಿಕೆ ಆ ಸೇಬಿನ ಕೇಕಿನ ಜೊತೆಗೇ ಹೋಗಿತ್ತು.

ಆಮೇಲೆ ಕಿವಿಯೇ ಹೋಗತೊಡಗಿತು. ಮೊದಲು ಹಾಡಿನಲ್ಲಿ ತಿಳಿಯಿತು. ಮೇಲಿನ ಸ್ವರದವರು ಎತ್ತಿಕೊಂಡದ್ದು ಕೇಳಿಸದೆ ಅವಳು ಎರಡು ಸಲ ಎಲ್ಲರ ನಂತರ ಶುರುಮಾಡಿದಳು. ನಂತರ ಕಂಬದ ಚುರುಚುರು ಮೊಂಡಾಯಿತು. ಕಿವಿಯ ವೈದ್ಯರು ಪರೀಕ್ಷಿಸಿ, ಮೇಲಿನ ಸದ್ದುಗಳು ಹೋಗಿವೆ, ಉಳಿದವೂ ಒಂದೊಂದಾಗಿ ಹೋಗುತ್ತವೆ, ಬೇಗನೇ ಹೋಗಬಹುದು ಎಂದು ಒಗಟಿಲ್ಲದೆ ಹೇಳಿ ಕಿವಿಗೆ ಒಂದು ಪುಟ್ಟ ಯಂತ್ರ ಕೊಟ್ಟರು. ಮಾತು ಸ್ಪಷ್ಟವಾಗಿ ಕೇಳುತ್ತದೆ, ಸುತ್ತಲಿನ ಗದ್ದಲವನ್ನು ಈ ಯಂತ್ರ ತಾನೇ ಗುರುತಿಸಿ ಅಳಿಸಿಹಾಕುತ್ತದೆ ಎಂದು ಸಂತೋಷದಿಂದ ವಿವರಿಸಿದರು. ಬೋಡಿಲ್ ಅದನ್ನು ತೊಟ್ಟುಕೊಂಡು ಶೆಡ್ಡಿಗೆ ಬಂದು ಸ್ಪೀಕರಿನ ಮುಂದೆ ಕುಳಿತಳು. ಕಂಬ ಮೂಕವಾಗಿತ್ತು. ಅವಳು ಬದುಕಿಡೀ ಕೇಳಿದ್ದನ್ನು ಆ ಪುಟ್ಟ ಯಂತ್ರ ಗದ್ದಲವೆಂದು ಅಳಿಸಿಹಾಕುತ್ತಿತ್ತು. ಅವಳು ಬಿದ್ದು ಬಿದ್ದು ನಕ್ಕಳು, ಆಮೇಲೆ ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡು ಅಲ್ಲೇ ಕುಳಿತು ಅತ್ತಳು.

ಅದೇ ವಸಂತದಲ್ಲಿ ಕಂಬವನ್ನು ಬಿಚ್ಚುವುದೆಂದು ತೀರ್ಮಾನವಾಯಿತು. ಶೆಡ್ಡು ಬೇರೆ ಕೆಲಸಕ್ಕೆ ಬೇಕಾಗಿತ್ತು. ಯಾರೂ ಹೆಚ್ಚು ಗೋಳಾಡಲಿಲ್ಲ, ಬೋಡಿಲ್ ಕೂಡ.

ಅಂಥದ್ದರಲ್ಲಿ ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಎಲ್ಲರೂ ಊಟಕ್ಕೆ ಕುಳಿತಿದ್ದರು. ಆಸ್ಗರನದು ಭಾನುವಾರದ ದೋಣಿಯ ಕತೆ. ಬೆಲ್ಟ್ ಎಂಬ ಜಲಸಂಧಿಯ ನಡುವೆ ಅಲೆ ಎದ್ದು ದೋಣಿ ಹೇಗೆ ಕುಣಿಯಿತು, ಹೇಗೆ ಸೊಂಟ ಹಿಡಿಯಿತು ಎಂದು ರಾಗವಾಗಿ ಹೇಳುತ್ತಿದ್ದ. ಪಶ್ಚಿಮದ ಗಾಳಿ, ಪಶ್ಚಿಮದ ಹರಿವು, ಎರಡೂ ಸೇರಿ ನನ್ನ ಪ್ರಾಣ ತೆಗೆದವು ಎಂದ. ಗಾಳಿಯ ಗುಂಪಿನವನೊಬ್ಬ, ಎರಡೂ ಪಶ್ಚಿಮದ್ದೇ ಆದರೆ ಜೊತೆಜೊತೆಗೆ ಹೋಗುತ್ತವೆ, ಅಲೆ ಯಾಕೆ ಏಳಬೇಕು ಎಂದು ಕೇಳಿದ. ಆಸ್ಗರ್ ಅವನನ್ನು ಕನಿಕರದಿಂದ ನೋಡಿದ.

“ಗಾಳಿಗೆ ಹೆಸರಿಡೋದು ಅದು ಎಲ್ಲಿಂದ ಬಂತು ಅಂತ. ನೀರಿನ ಹರಿವಿಗೆ ಹೆಸರಿಡೋದು ಅದು ಎಲ್ಲಿಗೆ ಹೋಗುತ್ತೆ ಅಂತ. ಪಶ್ಚಿಮದ ಗಾಳಿ, ಪಶ್ಚಿಮದ ಹರಿವು ಅಂದ್ರೆ ಎದುರುಬದುರು ಕಣಯ್ಯ. ದೋಣಿ ಕಲಿಯೋ ಮಕ್ಕಳಿಗೂ ಇದು ಗೊತ್ತು.”

ಬೋಡಿಲ್ ಹೆರಿಂಗ್ ಮೀನು ಹರಡಿದ ರೈ ಬ್ರೆಡ್ಡನ್ನು ಬಾಯಿಯ ತನಕ ತಂದಿದ್ದವಳು ಹಾಗೆಯೇ ತಟ್ಟೆಗಿಟ್ಟಳು.

“ಆಸ್ಗರ್, ಆವತ್ತು ನೀನು ಇಟಲಿಯಲ್ಲಿದ್ದಾಗ ನಾನು ಫೋನಲ್ಲಿ ಪಶ್ಚಿಮದ್ದು ಅಂದೆ. ನಿಂಗೆ ಏನಂತ ಅರ್ಥ ಆಯ್ತು?”

ಅವನು ತಕ್ಷಣ ನೆನಪು ಮಾಡಿಕೊಂಡ. ಅವನೂ ಮರೆತಿರಲಿಲ್ಲ ಎನ್ನುವುದು ಅವಳಿಗೆ ಆಗ ತಿಳಿಯಿತು. “ಪಶ್ಚಿಮಕ್ಕೆ ಹೋಗ್ತಿದೆ ಅಂತ. ಇನ್ನೇನು?”

“ನಾನು ಗಾಳಿಯವಳು ಕಣೋ.”

ಆಸ್ಗರನ ಫೋರ್ಕು ಗಾಳಿಯಲ್ಲೇ ನಿಂತಿತು. ಅವನ ಮುಖದ ಬಣ್ಣ ಬದಲಾದದ್ದನ್ನು ಇಡೀ ಮೇಜು ನೋಡಿತು. ಹಾಗಾದರೆ ಹರಿವು ಪಶ್ಚಿಮದಿಂದ ಬರುತ್ತಿತ್ತು, ಪೂರ್ವಕ್ಕೆ ಹೋಗುತ್ತಿತ್ತು. ಅವನ ಲೆಕ್ಕ ಬೇಡಿದ್ದೂ ಅದನ್ನೇ. ಇಬ್ಬರೂ ಸರಿಯಾಗಿದ್ದರು. ಒಂದೇ ಮಾತನ್ನು ಅವಳು ಗೋಪುರದ ಮೇಲೆ ನಿಂತು ಆಡಿದ್ದಳು, ಅವನು ದೋಣಿಯಲ್ಲಿ ಕುಳಿತು ಕೇಳಿಸಿಕೊಂಡಿದ್ದ. ಅಷ್ಟಕ್ಕೇ ಇಷ್ಟು ವರ್ಷ.

ಈಗ ಕೇಕು ಯಾರು ತರಬೇಕು ಎಂದು ಎಸ್ಬೆನ್ ಮೆಲ್ಲಗೆ ಕೇಳಿದ. ಯಾರೂ ನಗಲಿಲ್ಲ.

ಆಸ್ಗರ್ ಅವಳ ಹಿಂದೆಯೇ ಶೆಡ್ಡಿಗೆ ಬಂದ. ಅದು ಬಂದಿತ್ತು ಬೋಡಿಲ್, ನೀನು ನೋಡಿದ್ದು ನಿಜ ಎಂದ. ಅವಳು ಒಪ್ಪಲಿಲ್ಲ. ದಿಕ್ಕು ಸರಿಯಿತ್ತು ಎಂದಮಾತ್ರಕ್ಕೆ ಮೌನ ನಿಜವಾಗುವುದಿಲ್ಲ, ಕನೆಕ್ಟರ್ ಸಡಿಲವಾಗಿದ್ದದ್ದು ಸುಳ್ಳಲ್ಲವಲ್ಲ ಎಂದಳು. ಗೊತ್ತಾಗಬೇಕಾದರೆ ಇನ್ನೊಮ್ಮೆ ಅಲ್ಲಿಯವರೆಗೆ ಏರಿಸಬೇಕು. ಹೇಗೂ ಗುಜರಿಗೆ ಹೋಗುವ ಸುರುಳಿ, ಸುಟ್ಟರೆ ಸುಡಲಿ. ಆಸ್ಗರ್ ಸುರಕ್ಷತೆಯವರ ಹತ್ತಿರ ಹೋಗಿ, ಕಾಡಿ, ಜಗಳವಾಡಿ, ಅಡ್ಡಗೂಟ ತೆಗೆಯಲು ಒಪ್ಪಿಗೆ ತಂದ. ಒಂದೇ ಸಲ ಎಂಬ ಷರತ್ತಿನ ಮೇಲೆ.

ಎಲ್ಲವನ್ನೂ ಕಂಪ್ಯೂಟರ್ ದಾಖಲಿಸುತ್ತದೆ, ನೀನು ಪರದೆ ನೋಡಿದರೆ ಸಾಕು ಎಂದು ಅವನು ಹೇಳಿ ನೋಡಿದ.

“ಪರದೆ ನಾಳೆನೂ ನೋಡ್ಬಹುದು,” ಎಂದಳು ಬೋಡಿಲ್. “ನಾನು ಆವತ್ತು ಕೇಳಿದ್ದು ಕಿವಿಯಿಂದ. ಸುಳ್ಳು ಅಂತ ಅನ್ನಿಸ್ಕೊಂಡಿದ್ದೂ ಕಿವೀನೇ. ಅದು ಇರೋವಾಗ್ಲೇ ಅದಕ್ಕೊಂದು ಉತ್ತರ ಸಿಗ್ಲಿ.”

ಬೆಳಗಿನ ಬಿಸಿಲಿನಲ್ಲಿ ಕೆಲಸ ಶುರುವಾಯಿತು. ಎಸ್ಬೆನ್ ಹೊರಗೆ ತಣ್ಣೀರಿನ ಕೊಳವೆಯ ಪಕ್ಕ ನಿಂತ. ಬೋಡಿಲ್ ತಾನೇ ಕನೆಕ್ಟರುಗಳನ್ನೆಲ್ಲ ಒಂದೊಂದಾಗಿ ಬಿಗಿದು, ಎಳೆದು ನೋಡಿ, ಮತ್ತೆ ಬಿಗಿದು ಬಂದಳು. ಗುಂಡಿ ತಿರುಗಿಸಲು ಆಸ್ಗರನನ್ನು ಕೂರಿಸಿದಳು. ಹುಟ್ಟಿದಾರಭ್ಯ ಅವನು ಕಂಬದ ಗುಂಡಿ ಮುಟ್ಟಿದ್ದು ಅದೇ ಮೊದಲು, ಬಿಸಿಹಾಲಿನ ಲೋಟ ಹಿಡಿದಂತೆ ಹಿಡಿದಿದ್ದ. ಅವಳು ಅವನಿಗೂ ಪರದೆಗೂ ಬೆನ್ನು ಹಾಕಿ ಸ್ಪೀಕರಿನ ಮುಂದೆ ಕುಳಿತು, ಕಿವಿಯ ಯಂತ್ರ ತೆಗೆದಿಟ್ಟು, ಕಣ್ಣು ಮುಚ್ಚಿದಳು.

ಮೊದಲು ಮೊರೆತ ಬಂತು. ಅದರ ಮೇಲಿನ ಚುರುಚುರು ಅವಳಿಗೆ ಈಗ ಇರಲಿಲ್ಲ, ಆದರೂ ಎಲ್ಲಿರಬೇಕಿತ್ತೆಂದು ಗೊತ್ತಿತ್ತು. ಏರಿಸು ಎಂದು ಕೈ ಸನ್ನೆ ಮಾಡಿದಳು. ಸದ್ದು ದಪ್ಪವಾಯಿತು. ಸುಳಿಗಳು ಕಳಚಿಕೊಂಡು ಹೊರಡುವ ಠಪ್ ಠಪ್ ಒಂದರ ಮೇಲೊಂದು ಬೀಳತೊಡಗಿತು. ಇನ್ನೂ ಏರಿಸು. ಮೇಜು ನಡುಗಿತು, ಅವಳ ಮೊಣಕೈಯಿಂದ ಭುಜಕ್ಕೆ, ಭುಜದಿಂದ ಹಲ್ಲಿಗೆ ಆ ನಡುಕ ಹತ್ತಿತು. ನಕ್ಷತ್ರಗಳ ಹೊಟ್ಟೆಯಲ್ಲಿ ಹಗಲಿರುಳೂ ನಡೆಯುವ ಗಲಭೆ ಒಂದು ಹಳೆಯ ರೇಡಿಯೋದೊಳಗಿಂದ ಅವಳ ಮೈಗೆ ಬರುತ್ತಿತ್ತು. ಇಷ್ಟು ದೊಡ್ಡದರ ಇಷ್ಟು ಹತ್ತಿರ ಬದುಕಿಡೀ ಕೂರಲು ಸಿಕ್ಕಿತಲ್ಲ ಎಂದುಕೊಂಡಳು. ಕೈಯನ್ನು ಇನ್ನೊಂದಿಷ್ಟು ಎತ್ತಿದಳು.

ಸದ್ದು ನಿಂತಿತು.

ಅವಳು ಕಣ್ಣು ಬಿಡಲಿಲ್ಲ. ಎತ್ತಿದ ಕೈ ಎತ್ತಿದಲ್ಲೇ ಇತ್ತು. ಮೊರೆತವಿಲ್ಲ, ಠಪ್ ಎನ್ನುವುದಿಲ್ಲ, ಮೇಜಿನ ನಡುಕವಿಲ್ಲ. ಅಥವಾ ನಡುಕ ನಿಂತದ್ದು ತನ್ನ ಊಹೆಯೋ. ಕಂಬ ಸುಮ್ಮನಾಯಿತೋ ಕಿವಿ ಹೋಯಿತೋ ಅವಳಿಗೆ ತಿಳಿಯಲಿಲ್ಲ. ವೈದ್ಯರು ಬೇಗನೇ ಎಂದಿದ್ದರು. ಇಂಥ ಅಬ್ಬರಕ್ಕೆ ಒಡ್ಡಿಕೊಂಡರೆ ಇನ್ನೂ ಬೇಗ ಎಂದೂ ಹೇಳಿದ್ದರು. ಒಂದು ಚಿಟಿಕೆ ಹೊಡೆದುಕೊಂಡರೆ ಗೊತ್ತಾಗುತ್ತಿತ್ತು, ಆದರೆ ಬೆರಳುಗಳು ಮಾತು ಕೇಳಲಿಲ್ಲ. ಅವಳು ಆ ಕಪ್ಪು ಮೌನದೊಳಗೆ ಕುಳಿತು ಉತ್ತರಕ್ಕೆ ಹೆದರಿದಳು.

ಬೆನ್ನ ಹಿಂದೆ ಕುರ್ಚಿ ಸರಿಯಿತು. ಯಾರೋ ಅವಳ ಭುಜದ ಮೇಲೆ ಕೈಯಿಟ್ಟರು.

“ನಂಗೂ ಏನೂ ಕೇಳ್ತಿಲ್ಲ, ಬೋಡಿಲ್,” ಎಂದ ಆಸ್ಗರ್.

ಮೆಲ್ಲಗೆ ಹೇಳಿದ್ದ, ಆ ಮೌನವನ್ನು ಕದಡಬಾರದೆಂದು. ಅವಳಿಗೆ ಒಂದಕ್ಷರವೂ ಬಿಡದಂತೆ ಕೇಳಿಸಿತು.